ಪೆಟ್ರೋಲ್ ಎಸ್‌ಯುವಿಯ ಹೊಗೆ ಪರೀಕ್ಷೆ: ಅಳೆಯುವುದು, ಓದುವುದು, ಸರಿಪಡಿಸುವುದು

ಹೊಗೆ ಪರೀಕ್ಷೆಯಲ್ಲಿ ಫೇಲಾದ ಪೆಟ್ರೋಲ್ ಎಸ್‌ಯುವಿಗೆ ಸಾಮಾನ್ಯವಾಗಿ ಸಿಗುವ ಮೊದಲ ತೀರ್ಪು ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, ಬದಲಿಸಿ’ ಎಂಬುದು. ಹೊಗೆಯಲ್ಲಿನ ವಿಷಾನಿಲಗಳನ್ನು ನಿರುಪದ್ರವಿ ಅನಿಲಗಳಾಗಿ ಬದಲಿಸುವ ಭಾಗ ಅದು. ಇಡೀ ಎಕ್ಸಾಸ್ಟ್ ವ್ಯವಸ್ಥೆಯಲ್ಲಿ ಅತಿ ದುಬಾರಿ ಭಾಗವೂ ಅದೇ. ಆದರೆ ಎಷ್ಟೋ ಸಲ ಕನ್ವರ್ಟರ್ ಚೆನ್ನಾಗಿಯೇ ಇರುತ್ತದೆ. ಅದು ಸರಿಯಾಗಿ ಕಾದಿರುವುದಿಲ್ಲ, ಇಲ್ಲವೇ ಎಂಜಿನ್‌ನಿಂದ ಅದಕ್ಕೆ ಬರುವ ಅನಿಲವೇ ಕೆಟ್ಟಿರುತ್ತದೆ. ಕಾರಣ ಹುಡುಕದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಕೆಲವೇ ತಿಂಗಳಲ್ಲಿ ಹಳೆಯದರ ದಾರಿ ಹಿಡಿಯುತ್ತದೆ.

1.2ರಿಂದ 2.5 ಲೀಟರ್‌ವರೆಗಿನ ಪೆಟ್ರೋಲ್ ಎಂಜಿನ್ ಇರುವ, ಐದರಿಂದ ಏಳು ಸೀಟಿನ ಎಸ್‌ಯುವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿ ಬರೆದಿದೆ. ಟರ್ಬೊ ಇದ್ದರೂ ಇಲ್ಲದಿದ್ದರೂ ಕ್ರಮ ಒಂದೇ.

ಹೊಗೆಯಲ್ಲಿ ಏನಿರುತ್ತದೆ

1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಸಿಕ್ಕ ಗಾಳಿಗೂ ಬೇಕಾದ ಗಾಳಿಗೂ ಇರುವ ಅನುಪಾತವೇ ಲ್ಯಾಂಬ್ಡಾ; ಅಷ್ಟೇ ಗಾಳಿ ಸಿಕ್ಕಾಗ ಅದು 1.00. ಗಾಳಿ ಕಡಿಮೆಯಾದರೆ ಅಂಕಿ ಒಂದರ ಕೆಳಗಿಳಿಯುತ್ತದೆ, ಅದು ರಿಚ್. ಹೆಚ್ಚಾದರೆ ಒಂದರ ಮೇಲೆ ಹೋಗುತ್ತದೆ, ಅದು ಲೀನ್. ಎಥನಾಲ್ ಬೆರೆತಾಗ ಬೇಕಾಗುವ ಗಾಳಿ ಇಳಿಯುತ್ತದೆ: ಶೇ 10 ಎಥನಾಲ್ ಇದ್ದರೆ ಸುಮಾರು 14.1, ಶೇ 20 ಇದ್ದರೆ ಸುಮಾರು 13.5. ಇಂಧನ ಯಾವುದಾದರೂ ಗುರಿ ಮಾತ್ರ ಲ್ಯಾಂಬ್ಡಾ 1ರ ಆಸುಪಾಸೇ. ತ್ರೀ-ವೇ ಕನ್ವರ್ಟರ್ ಮುಂದೆ ಹೇಳುವ ಸಿಒ, ಎಚ್‌ಸಿ, ನಾಕ್ಸ್ ಎಂಬ ಮೂರೂ ವಿಷಾನಿಲಗಳನ್ನು ಒಟ್ಟಿಗೆ ನಿಭಾಯಿಸುವುದು ಆ ಕಿರಿದಾದ ಪಟ್ಟಿಯಲ್ಲಿ ಮಾತ್ರ.

ಕಾರ್ಬನ್ ಮೊನಾಕ್ಸೈಡ್ (ಸಿಒ) ಬರುವುದು ಗಾಳಿ ಸಾಲದೆ ಅರೆಬರೆ ಉರಿದಾಗ. ಹೈಡ್ರೋಕಾರ್ಬನ್ (ಎಚ್‌ಸಿ) ಎಂದರೆ ಉರಿಯದೆ ಹೊರಬಿದ್ದ ಪೆಟ್ರೋಲೇ. ನೈಟ್ರೋಜನ್ ಆಕ್ಸೈಡ್‌ಗಳು (ನಾಕ್ಸ್) ಸಿಲಿಂಡರ್ ತುಂಬ ಬಿಸಿಯಾದಾಗ, ಅದರಲ್ಲೂ ಲೋಡ್ ಬಿದ್ದಾಗ ಹುಟ್ಟುತ್ತವೆ. ಸೂಕ್ಷ್ಮ ಕಣಗಳು ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರವಾಗಿ ಸಿಲಿಂಡರ್‌ಗೆ ಸಿಂಪಡಿಸುವ) ಎಂಜಿನ್‌ನ ಕಾಯಿಲೆ. ತಣ್ಣನೆಯ ಪಿಸ್ಟನ್ ತಲೆಯ ಮೇಲೆ ಪೆಟ್ರೋಲ್ ಹನಿ ಬಿದ್ದು, ಆವಿಯಾಗುವ ಮೊದಲೇ ಉರಿದರೆ ಮಸಿ ಖಚಿತ. ಇಂಗಾಲದ ಡೈಆಕ್ಸೈಡ್‌ಗೆ (ಸಿಒ2) ಮಾತ್ರ ಮದ್ದಿಲ್ಲ. ಅದನ್ನು ಕಡಿಮೆ ಮಾಡಬೇಕೆಂದರೆ ಪೆಟ್ರೋಲನ್ನೇ ಕಡಿಮೆ ಸುಡಬೇಕು.

ಹೊಸ ಮಾದರಿಗೆ ಅನುಮೋದನೆ ಕೊಡುವಾಗಿನ ಮಿತಿಗೂ ಗ್ಯಾರೇಜಿನಲ್ಲಿ ಮಾಡುವ ಪರೀಕ್ಷೆಯ ಮಿತಿಗೂ ಸಂಬಂಧ ಕಲ್ಪಿಸಬೇಡಿ. ಯೂರೋಪಿನ ಯೂರೋ 6 ಮಾನದಂಡದ ಪ್ರಕಾರ ಪೆಟ್ರೋಲ್ ಕಾರು ಕಿ.ಮೀ.ಗೆ ಸಿಒ 1 ಗ್ರಾಂ, ಒಟ್ಟು ಎಚ್‌ಸಿ 0.1 ಗ್ರಾಂ, ನಾಕ್ಸ್ 0.06 ಗ್ರಾಂ ಮೀರುವಂತಿಲ್ಲ. ಡೈರೆಕ್ಟ್ ಇಂಜೆಕ್ಷನ್ ಆದರೆ ಕಣಗಳ ತೂಕ 4.5 ಮಿಲಿಗ್ರಾಂ, ಸಂಖ್ಯೆ 60 ಸಾವಿರ ಕೋಟಿಯೊಳಗೆ ಇರಬೇಕು. ಇದನ್ನು ಅಳೆಯುವುದು ಪ್ರಯೋಗಾಲಯದಲ್ಲಿ, 23 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡೈನಮೋಮೀಟರ್ (ಗಾಡಿಯ ಚಕ್ರ ತಿರುಗುವ ರೋಲರ್) ಮೇಲೆ. ಡಬ್ಲ್ಯುಎಲ್‌ಟಿಪಿ ಎಂಬ ಆ ಚಕ್ರ 30 ನಿಮಿಷದಲ್ಲಿ ಸುಮಾರು 23 ಕಿ.ಮೀ. ಓಡಿಸುತ್ತದೆ, ಗರಿಷ್ಠ ವೇಗ ಗಂಟೆಗೆ 131 ಕಿ.ಮೀ. ಗ್ಯಾರೇಜಿನ ಪರೀಕ್ಷೆಯೋ ನಿಂತಲ್ಲೇ ನಡೆಯುತ್ತದೆ, ಅದೂ ಲೋಡ್ ಇಲ್ಲದೆ. ಹಾಗಾಗಿ ಅಲ್ಲಿ ನಾಕ್ಸ್ ಹೆಚ್ಚೂಕಡಿಮೆ ಕಾಣಿಸುವುದೇ ಇಲ್ಲ. ಆಧುನಿಕ ಪೆಟ್ರೋಲ್ ಕಾರಿಗೆ ಯೂರೋಪು, ಭಾರತ ಸೇರಿದಂತೆ ಹಲವೆಡೆ ಬಳಕೆಯಲ್ಲಿರುವ ಮಿತಿ ಇಷ್ಟು: ಐಡಲ್‌ನಲ್ಲಿ (ಆಕ್ಸಿಲರೇಟರ್ ತುಳಿಯದೆ ಎಂಜಿನ್ ಓಡುವಾಗ) ಸಿಒ ಶೇ 0.3, 2,500 ಆರ್‌ಪಿಎಂ ಆಸುಪಾಸಿನ ಹೈ ಐಡಲ್‌ನಲ್ಲಿ ಸಿಒ ಶೇ 0.2, ಲ್ಯಾಂಬ್ಡಾ 0.97ರಿಂದ 1.03. ಎಚ್‌ಸಿಗೆ 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಭಾಗ) ಮಿತಿ ಸಾಮಾನ್ಯ. ಆದರೆ ಆರೋಗ್ಯವಾಗಿರುವ ಎಂಜಿನ್ ಈ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಕಾದ ಕನ್ವರ್ಟರ್ ದಾಟಿ ಬರುವ ಅನಿಲದಲ್ಲಿ ಸಿಒ 0.00ರಿಂದ 0.05, ಎಚ್‌ಸಿ 30 ಪಿಪಿಎಂಗಿಂತ ಕಡಿಮೆ, ಆಕ್ಸಿಜನ್ ಶೇ 0.3ರ ಒಳಗೆ, ಸಿಒ2 ಶೇ 14.5ರಿಂದ 15.5 ಇರಬೇಕು. ಸಿಒ 0.18 ಬಂದು ಪಾಸಾದ ಗಾಡಿ ಮುಂದಿನ ಸಲ ಫೇಲಾಗಲು ಸಾಲಿನಲ್ಲಿ ನಿಂತಿದೆ ಎಂದೇ ತಿಳಿಯಿರಿ.

ಬೇಕಾಗುವ ಸಲಕರಣೆ

ಗಾಡಿಯ ಕಂಪ್ಯೂಟರಿನಿಂದ ಲೈವ್ ಡೇಟಾ ಓದಿ ತೋರಿಸುವ ಒಬಿಡಿ ಸ್ಕ್ಯಾನರ್ (ಫೋನಿಗೆ ಹೊಂದುವ ಬ್ಲೂಟೂತ್ ಅಡಾಪ್ಟರ್ ಆದರೂ ನಡೆಯುತ್ತದೆ), ಟೈರ್ ಪ್ರೆಷರ್ ಗೇಜ್, ಪ್ಲಗ್ ಸಾಕೆಟ್, ಟಾರ್ಕ್ ರೆಂಚ್, ಎಂಎಎಫ್ ಸೆನ್ಸರ್ (ಎಂಜಿನ್ ಎಳೆಯುವ ಗಾಳಿಯನ್ನು ಅಳೆಯುವ ಸೆನ್ಸರ್) ಕ್ಲೀನರ್ ಸ್ಪ್ರೇ, ದಪ್ಪ ಕೈಗವಸು. ಗ್ಯಾಸ್ ಅನಲೈಸರ್ ಸ್ವಂತಕ್ಕೆ ಬೇಕಿಲ್ಲ. ಆದರೆ ಪರೀಕ್ಷಾ ಕೇಂದ್ರದಲ್ಲಿ ನಾಲ್ಕೂ ಅನಿಲದ (ಸಿಒ, ಎಚ್‌ಸಿ, ಸಿಒ2, ಆಕ್ಸಿಜನ್) ಅಂಕಿ, ಲ್ಯಾಂಬ್ಡಾ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ. ಪಾಸ್, ಫೇಲ್ ಎಂಬ ಒಂದೇ ಪದದಿಂದ ದೋಷ ಪತ್ತೆಯಾಗುವುದಿಲ್ಲ.

ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಸಿಒಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನ ಹೈ ಪ್ರೆಷರ್ ಪೈಪ್‌ಗಳಲ್ಲಿ 200ರಿಂದ 350 ಬಾರ್ ಒತ್ತಡ ಇರುತ್ತದೆ. ಅವುಗಳ ನಟ್‌ಗೆ ಸ್ಪ್ಯಾನರ್ ಹಾಕುವುದು ಮನೆಯ ಕೆಲಸವಲ್ಲ.

ಹಂತ 1: ಗಾಡಿ ತಣ್ಣಗಿರುವಾಗ ನೋಡುವುದು

ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಸ್ಕ್ಯಾನರ್ ಹಾಕಿ, ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಕೂಲೆಂಟ್ ತಾಪಮಾನ, ಒಳಬರುವ ಗಾಳಿಯ ತಾಪಮಾನ ಎರಡೂ ಹೊರಗಿನ ತಾಪಮಾನದ ಹತ್ತಿರ ಇರಬೇಕು. ಕೂಲೆಂಟ್ ಸೆನ್ಸರ್ ಇಪ್ಪತ್ತು ಡಿಗ್ರಿ ಕಡಿಮೆ ತೋರಿಸುತ್ತಿದ್ದರೆ, ಎಂಜಿನ್ ಕಾದ ಮೇಲೂ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದನ್ನು ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಈಗ ಸ್ಟಾರ್ಟ್ ಮಾಡಿ, ತಕ್ಷಣ ಎಕ್ಸಾಸ್ಟ್‌ಗೆ ಕಿವಿಕೊಡಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಫ್ಲೆಕ್ಸ್ ಪೈಪ್ ಸೋರುತ್ತಿದ್ದರೆ ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಬರುತ್ತದೆ. ಲೋಹ ಕಾದು ಹಿಗ್ಗಿದ ಮೇಲೆ ಸದ್ದು ಮುಚ್ಚಿಹೋಗಬಹುದು. ಚಿಂದಿ ಬಟ್ಟೆಯಿಂದ ಟೈಲ್‌ಪೈಪನ್ನು ಎರಡೇ ಸೆಕೆಂಡು ಭಾಗಶಃ ತಡೆದರೆ ಸೋರುವ ಜಾಗದ ಸದ್ದು ಜೋರಾಗುತ್ತದೆ.

ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಹತ್ತಿರದ ಓಡಾಟಕ್ಕೆ ಮಾತ್ರ ಬಳಕೆಯಾಗುವ ಡೈರೆಕ್ಟ್ ಇಂಜೆಕ್ಷನ್ ಎಸ್‌ಯುವಿಗಳಲ್ಲಿ ಎಂಜಿನ್ ಆಯಿಲ್‌ಗೆ ಪೆಟ್ರೋಲ್ ಇಳಿಯುವುದು ಮಾಮೂಲು. ಮಟ್ಟ ಗರಿಷ್ಠ ಗುರುತಿಗಿಂತ ಮೇಲಿದ್ದು ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ ಕಾದಾಗ ಆ ಪೆಟ್ರೋಲ್ ಆವಿಯಾಗಿ ಪಿಸಿವಿ (ಕ್ರಾಂಕ್‌ಕೇಸಿನ ಆವಿಯನ್ನು ಇನ್‌ಟೇಕ್‌ಗೆ ಮರಳಿಸುವ ವಾಲ್ವ್) ಮೂಲಕ ಮತ್ತೆ ಒಳಗೆ ಹೋಗುತ್ತದೆ, ಸಿಒ ಏರುತ್ತದೆ. ಪರೀಕ್ಷೆಗೆ ಮೊದಲೇ ಆಯಿಲ್, ಫಿಲ್ಟರ್ ಬದಲಿಸಿ. ಫೇಲಾದ ಗಾಡಿಯನ್ನು ಇದೊಂದೇ ಕೆಲಸ ಪಾಸು ಮಾಡಿಸುವುದುಂಟು.

ಹಂತ 2: ಕೋಡ್, ಫ್ಯೂಯೆಲ್ ಟ್ರಿಮ್

ಚೆಕ್ ಎಂಜಿನ್ ಲೈಟ್ ಉರಿಯುತ್ತಿರಲಿ ಬಿಡಲಿ, ಸ್ಕ್ಯಾನರ್‌ನಲ್ಲಿ ದೋಷದ ಕೋಡ್‌ಗಳನ್ನು, ಇನ್ನೂ ಖಚಿತವಾಗದ ಪೆಂಡಿಂಗ್ ಕೋಡ್‌ಗಳನ್ನೂ ಓದಿ ಬರೆದಿಟ್ಟುಕೊಳ್ಳಿ. ಪಿ0171 ಲೀನ್, ಪಿ0172 ರಿಚ್, ಪಿ0300 ಅಲ್ಲಲ್ಲಿ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದಿರುವುದು), ಪಿ0301 ಮೊದಲ ಸಿಲಿಂಡರ್‌ನ ಮಿಸ್‌ಫೈರ್, ಪಿ0128 ಥರ್ಮೋಸ್ಟಾಟ್, ಪಿ0442 ಪೆಟ್ರೋಲ್ ಆವಿಯ ಸಣ್ಣ ಸೋರಿಕೆ, ಪಿ0420 ಕನ್ವರ್ಟರ್ ಸಾಮರ್ಥ್ಯ ಕಡಿಮೆ. ಪಿ0420 ಜೊತೆಗೆ ಬೇರೆ ಕೋಡ್ ಇದ್ದರೆ ಮೊದಲು ಆ ಬೇರೆಯದನ್ನು ಸರಿಪಡಿಸಿ. ಕನ್ವರ್ಟರ್ ಕೊನೆಯ ಸರದಿ.

ಮಿಶ್ರಣ ಸರಿದೂಗಿಸಲು ಇಸಿಯು ಪೆಟ್ರೋಲಿನಲ್ಲಿ ಮಾಡುವ ತಿದ್ದುಪಡಿಯೇ ಫ್ಯೂಯೆಲ್ ಟ್ರಿಮ್. ಎಂಜಿನ್ ಪೂರ್ತಿ ಕಾದ ಮೇಲೆ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಟ್ರಿಮ್ ಎರಡನ್ನೂ ಕೂಡಿಸಿ ನೋಡಿ. ಒಟ್ಟು ಮೊತ್ತ ಶೂನ್ಯದಿಂದ ಆಚೀಚೆ ಶೇ 5ರೊಳಗೆ ಇದ್ದರೆ ಉತ್ತಮ, 10ರೊಳಗೆ ಇದ್ದರೆ ಪರವಾಗಿಲ್ಲ. ಪ್ಲಸ್ ಎಂದರೆ ಇಸಿಯು ಪೆಟ್ರೋಲ್ ಹೆಚ್ಚಿಸುತ್ತಿದೆ, ಮೈನಸ್ ಎಂದರೆ ಕಡಿತ ಮಾಡುತ್ತಿದೆ. ಶೇ 10 ಎಥನಾಲ್‌ಗೆ ಹೊಂದಿಸಿದ ಗಾಡಿಗೆ ಶೇ 20ರ ಪೆಟ್ರೋಲ್ ಹಾಕಿದರೆ ಟ್ರಿಮ್ ಶೇ 4ರಷ್ಟು ಮೇಲೇರುವುದು ಸಹಜ. ಅದನ್ನು ದೋಷ ಎಂದುಕೊಂಡು ಬೆನ್ನಟ್ಟಬೇಡಿ.

ಟ್ರಿಮ್‌ನ ಬೆಲೆ ತಿಳಿಯುವುದು ಅದನ್ನು ಎರಡು ಕಡೆ ಓದಿದಾಗ: ಒಮ್ಮೆ ಐಡಲ್‌ನಲ್ಲಿ, ಒಮ್ಮೆ 2,500 ಆರ್‌ಪಿಎಂನಲ್ಲಿ. ಐಡಲ್‌ನಲ್ಲಿ ಪ್ಲಸ್ 18 ಇದ್ದದ್ದು 2,500ರಲ್ಲಿ ಪ್ಲಸ್ 4ಕ್ಕೆ ಇಳಿದರೆ ಇನ್‌ಟೇಕ್‌ನಲ್ಲಿ ಗಾಳಿ ಸೋರಿಕೆ: ಪಿಸಿವಿ ಪೈಪ್, ಬ್ರೇಕ್ ಬೂಸ್ಟರ್ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡಿ. ಸೋರುವ ತೂತು ಅಷ್ಟೇ ಇರುತ್ತದೆ, ಎಂಜಿನ್ ಹೆಚ್ಚು ಗಾಳಿ ಎಳೆದಾಗ ಅದರ ಪಾಲು ಸಣ್ಣದಾಗುತ್ತದೆ. ಐಡಲ್‌ನಲ್ಲಿ ಸರಿಯಿದ್ದು ರೇಸ್ ಕೊಟ್ಟಾಗ ಪ್ಲಸ್ ಏರಿದರೆ ಎಂಎಎಫ್ ಸೆನ್ಸರ್ ಕೊಳೆಯಾಗಿದೆ ಅಥವಾ ಪೆಟ್ರೋಲ್ ಒತ್ತಡ ಸಾಲುತ್ತಿಲ್ಲ. ಎಂಎಎಫ್ ತಂತಿಗೆ ಅದಕ್ಕೆಂದೇ ಇರುವ ಸ್ಪ್ರೇ ಮಾತ್ರ ಹೊಡೆಯಿರಿ. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೆ, ಬಟ್ಟೆಯಲ್ಲಿ ಒರೆಸಿದರೆ ಸೆನ್ಸರ್ ಕೆಡುತ್ತದೆ. ಎರಡು ಕಡೆಯೂ ಮೈನಸ್ ಇದ್ದರೆ ಸೋರುವ ಇಂಜೆಕ್ಟರ್, ಪೆಟ್ರೋಲ್ ಬೆರೆತ ಆಯಿಲ್, ಇಲ್ಲವೇ ಪೆಟ್ರೋಲ್ ತುಂಬಿಕೊಂಡ ಚಾರ್ಕೋಲ್ ಕ್ಯಾನಿಸ್ಟರ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಡುವ ಡಬ್ಬಿ).

ಕ್ಯಾನಿಸ್ಟರ್ ಕೆಡಲು ಬಹುಪಾಲು ನಾವೇ ಕಾರಣ. ಪಂಪಿನ ನಾಝಲ್ ಟಕ್ ಎಂದು ನಿಂತ ಮೇಲೂ ಕುತ್ತಿಗೆವರೆಗೆ ತುಂಬಿಸಿದರೆ ದ್ರವರೂಪದ ಪೆಟ್ರೋಲೇ ಕ್ಯಾನಿಸ್ಟರ್‌ಗೆ ಹರಿಯುತ್ತದೆ. ಪರ್ಜ್ ವಾಲ್ವ್ ತೆರೆದಾಗಲೆಲ್ಲ ಅದು ಎಂಜಿನ್‌ಗೆ ಬರುತ್ತದೆ. ಪತ್ತೆಹಚ್ಚುವುದು ಸುಲಭ: ಎಂಜಿನ್ ಐಡಲ್‌ನಲ್ಲಿರುವಾಗ ಪರ್ಜ್ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಟ್ರಿಮ್ ಸೊನ್ನೆಯತ್ತ ಬಂದರೆ ಕಳ್ಳ ಸಿಕ್ಕಿದ.

ಹಂತ 3: ಕಾಯಿಸುವುದು

ಕನ್ವರ್ಟರ್ ಕೆಲಸ ಶುರು ಮಾಡುವುದು ಸುಮಾರು 250ರಿಂದ 300 ಡಿಗ್ರಿಯಲ್ಲಿ, ಚೆನ್ನಾಗಿ ಮಾಡುವುದು 400ರ ಮೇಲೆ. ಒಂದು ಪಯಣದ ಒಟ್ಟು ಸಿಒ, ಎಚ್‌ಸಿಯಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ನಿಮಿಷದಲ್ಲೇ ಹೊರಬೀಳುವುದು ಇದೇ ಕಾರಣಕ್ಕೆ. ನಿಂತಲ್ಲೇ ಅರ್ಧ ಗಂಟೆ ಐಡಲ್ ಮಾಡಿದರೆ ಕೂಲೆಂಟ್ ಕಾಯುತ್ತದೆ, ಕನ್ವರ್ಟರ್ ಕಾಯುವುದು ಅರ್ಧಂಬರ್ಧ. ಪರೀಕ್ಷೆಗೆ ಹೋಗುವ ದಿನ 15ರಿಂದ 20 ಕಿ.ಮೀ. ಓಡಿಸಿ, ಅದರಲ್ಲಿ ಹತ್ತು ನಿಮಿಷವಾದರೂ ಗಂಟೆಗೆ 60ರಿಂದ 80 ಕಿ.ಮೀ. ವೇಗದಲ್ಲಿರಲಿ. ಕೂಲೆಂಟ್ 85ರಿಂದ 95 ಡಿಗ್ರಿ, ಆಯಿಲ್ ಕನಿಷ್ಠ 80 ಡಿಗ್ರಿ ಮುಟ್ಟಬೇಕು. ಎಷ್ಟು ಓಡಿಸಿದರೂ ಕೂಲೆಂಟ್ 70 ದಾಟದಿದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ. ಅದನ್ನು ಬದಲಿಸದೆ ಪರೀಕ್ಷೆಗೆ ಹೋಗುವುದು ವ್ಯರ್ಥ.

ಕೇಂದ್ರದಲ್ಲಿ ಸರದಿಗಾಗಿ ಹತ್ತು ನಿಮಿಷ ಕಾಯಬೇಕಾಗಿ ಬಂದರೆ, ಪ್ರೋಬ್ (ಟೈಲ್‌ಪೈಪಿಗೆ ತೂರಿಸುವ ಅಳತೆಯ ಕೊಳವೆ) ಹಾಕುವ ಮೊದಲು 2,500 ಆರ್‌ಪಿಎಂನಲ್ಲಿ ಎರಡು ಮೂರು ನಿಮಿಷ ಹಿಡಿಯಿರಿ.

ಹಂತ 4: ಅಳತೆ

ಎಸಿ, ಹೆಡ್‌ಲೈಟ್, ಹಿಂಗಾಜಿನ ಹೀಟರ್ ಆಫ್. ಸ್ಟಾರ್ಟ್-ಸ್ಟಾಪ್ ಆಫ್. ಗೇರ್ ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಹೈಬ್ರಿಡ್ ಆದರೆ ಎಂಜಿನ್ ತಾನಾಗಿ ನಿಲ್ಲದಂತೆ ಮೇಂಟೆನೆನ್ಸ್ ಮೋಡ್‌ಗೆ ಹಾಕಬೇಕು. ವಿಧಾನ ಮಾದರಿಯಿಂದ ಮಾದರಿಗೆ ಬೇರೆ, ಮ್ಯಾನ್ಯುಯಲ್ ನೋಡಿ.

ಅನಲೈಸರ್ ಶೂನ್ಯಕ್ಕೆ ಬಂದಿದೆಯೇ, ಸೋರಿಕೆ ಪರೀಕ್ಷೆ ಪಾಸಾಗಿದೆಯೇ, ಹಿಂದಿನ ಗಾಡಿಯ ಎಚ್‌ಸಿ ಪೈಪಿನಲ್ಲಿ ಉಳಿದಿಲ್ಲವೇ ಎಂದು ನೋಡಿ. ಪ್ರೋಬ್ ಗಾಳಿಯಲ್ಲಿರುವಾಗ ಎಚ್‌ಸಿ 20 ಪಿಪಿಎಂ ಮೀರಿದ್ದರೆ ಶುಚಿಗೊಳಿಸಲು ಹೇಳಿ. ಪ್ರೋಬ್ ಕನಿಷ್ಠ 30 ಸೆಂ.ಮೀ. ಒಳಗಿರಬೇಕು. ಇಂದಿನ ಎಸ್‌ಯುವಿಗಳ ಬಂಪರಿನಲ್ಲಿ ಮಿರುಗುವ ಎರಡು ಕೊಳವೆ ಬರೀ ಅಲಂಕಾರವಾಗಿದ್ದು, ನಿಜವಾದ ಪೈಪ್ ಅದರ ಹಿಂದೆ ನೆಲದತ್ತ ಬಾಗಿರುವುದು ಸಾಮಾನ್ಯ. ಅಲಂಕಾರಕ್ಕೆ ಪ್ರೋಬ್ ಚುಚ್ಚಿದರೆ ಅಳೆಯುವುದು ಹೊರಗಾಳಿಯನ್ನೇ.

ಮೊದಲು 2,500 ಆರ್‌ಪಿಎಂನಲ್ಲಿ 30 ಸೆಕೆಂಡು ಸ್ಥಿರವಾಗಿ ಹಿಡಿದು ಅಂಕಿ ಓದಿ. ಆಮೇಲೆ ಆಕ್ಸಿಲರೇಟರ್ ಬಿಟ್ಟು, ಐಡಲ್ ಸ್ಥಿರವಾದ ಮೇಲೆ ಮತ್ತೆ 30 ಸೆಕೆಂಡು ಬಿಟ್ಟು ಓದಿ. ಪೆಡಲ್ ಏರಿಳಿಸುತ್ತಿದ್ದರೆ ಮಿಶ್ರಣವೂ ಏರಿಳಿದು ಸಿಒ ಸುಳ್ಳಾಗಿ ಹೆಚ್ಚು ಕಾಣುತ್ತದೆ.

ಹಂತ 5: ನಾಲ್ಕೂ ಅಂಕಿಗಳನ್ನು ಒಟ್ಟಿಗೆ ಓದುವುದು

ಇಡೀ ಕೆಲಸದ ತಿರುಳು ಇದು. ಸಿಒ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವವರೇ ಕನ್ವರ್ಟರ್ ಬದಲಿಸಲು ಓಡುವವರು.

ಮೊದಲು ಸಿಒ, ಸಿಒ2 ಎರಡನ್ನೂ ಕೂಡಿಸಿ. ಮೊತ್ತ 15ರ ಆಸುಪಾಸು ಇರಬೇಕು. 12ಕ್ಕೆ ಇಳಿದು, ಆಕ್ಸಿಜನ್ ಶೇ 3, 4 ಇದ್ದರೆ ಹೊರಗಾಳಿ ಬೆರೆಯುತ್ತಿದೆ: ಪ್ರೋಬ್ ಸಾಕಷ್ಟು ಒಳಗೆ ಹೋಗಿಲ್ಲ, ಸೈಲೆನ್ಸರ್ ತೂತಾಗಿದೆ, ಅಥವಾ ಜಾಯಿಂಟ್ ಸೋರುತ್ತಿದೆ. ಅದು ಸರಿಯಾಗುವವರೆಗೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ.

ಸಿಒ ಹೆಚ್ಚು, ಆಕ್ಸಿಜನ್ ಸೊನ್ನೆ, ಲ್ಯಾಂಬ್ಡಾ 0.97ಕ್ಕಿಂತ ಕೆಳಗೆ: ಎಂಜಿನ್ ರಿಚ್ ಓಡುತ್ತಿದೆ. ಕನ್ವರ್ಟರ್‌ಗೆ ಸಿಒ ಸುಡಲು ಆಕ್ಸಿಜನ್ನೇ ಸಿಗುತ್ತಿಲ್ಲ. ಹೊಸ ಕನ್ವರ್ಟರ್ ಹಾಕಿದರೂ ಇದೇ ಅಂಕಿ ಬರುತ್ತದೆ. ಹಂತ 2ಕ್ಕೆ ಮರಳಿ.

ಎಚ್‌ಸಿ 300ರ ಮೇಲೆ, ಆಕ್ಸಿಜನ್ ಶೇ 1.5ರ ಮೇಲೆ, ಸಿಒ ಕಡಿಮೆ: ಮಿಸ್‌ಫೈರ್. ಒಂದು ಸಿಲಿಂಡರ್‌ನ ಪೆಟ್ರೋಲ್, ಗಾಳಿ ಎರಡೂ ಉರಿಯದೆ ಹಾಗೆಯೇ ಬರುತ್ತಿವೆ. ಪ್ಲಗ್ ತೆಗೆದು ಗ್ಯಾಪ್ ಅಳೆಯಿರಿ; ಟರ್ಬೊ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ನಿಖರ ಅಂಕಿಗೆ ಮ್ಯಾನ್ಯುಯಲ್. ಕಾಯಿಲ್ ಅನುಮಾನವಿದ್ದರೆ ಅದನ್ನು ಪಕ್ಕದ ಸಿಲಿಂಡರ್‌ಗೆ ಅದಲು ಬದಲು ಮಾಡಿ. ಮಿಸ್‌ಫೈರ್ ಕೋಡ್ ಕಾಯಿಲ್ ಜೊತೆಗೇ ಸ್ಥಳ ಬದಲಿಸಿದರೆ ಕಾಯಿಲ್ ಹೋಗಿದೆ. ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಉರಿದು ಅದರ ಸೆರಾಮಿಕ್ ಜೇನುಗೂಡನ್ನೇ ಕರಗಿಸುತ್ತದೆ.

ಸಿಒ 0.4, ಆಕ್ಸಿಜನ್ 0.6, ಎಚ್‌ಸಿ 120, ಲ್ಯಾಂಬ್ಡಾ 1.01 ಬಂದರೆ? ಮಿಶ್ರಣ ಸರಿಯಿದೆ, ಸಿಒ ಇದೆ, ಅದನ್ನು ಸುಡಲು ಬೇಕಾದ ಆಕ್ಸಿಜನ್ನೂ ಇದೆ. ಎರಡೂ ಒಂದನ್ನೊಂದು ಸಂಧಿಸಿಯೂ ಉರಿಯಲಿಲ್ಲ. ಈ ಒಂದು ಮಾದರಿ ಮಾತ್ರ ಕನ್ವರ್ಟರ್‌ನತ್ತ ಬೆರಳು ತೋರಿಸುತ್ತದೆ. ಆಗಲೂ ಇನ್ನೊಮ್ಮೆ ಚೆನ್ನಾಗಿ ಕಾಯಿಸಿ ಅಳೆಯಿರಿ. ಅಂಕಿ ಬದಲಾಗದಿದ್ದರೆ ಕನ್ವರ್ಟರ್ ದಾಟಿದ ಮೇಲಿರುವ ಹಿಂದಿನ ಆಕ್ಸಿಜನ್ ಸೆನ್ಸರ್‌ನ ಗ್ರಾಫ್ ನೋಡಿ. ಕನ್ವರ್ಟರ್ ಆರೋಗ್ಯವಾಗಿದ್ದರೆ ಅದು 0.6, 0.7 ವೋಲ್ಟ್ ಹತ್ತಿರ ನಿಧಾನವಾಗಿ ತೇಲುತ್ತಿರುತ್ತದೆ. 0.1ರಿಂದ 0.9ಕ್ಕೆ ಪಟಪಟನೆ ಹಾರುತ್ತಿದ್ದರೆ ಕನ್ವರ್ಟರ್ ಆಕ್ಸಿಜನ್ ಹಿಡಿದಿಡುವ ಶಕ್ತಿ ಕಳೆದುಕೊಂಡಿದೆ. ಇನ್‌ಫ್ರಾರೆಡ್ ಗನ್ ಹಿಡಿದು ಕನ್ವರ್ಟರ್‌ನ ಮುಂದಿನ, ಹಿಂದಿನ ಬಿಸಿ ಹೋಲಿಸುವ ಹಳೆಯ ಉಪಾಯವನ್ನು ನಂಬಬೇಡಿ. ಇಂದಿನ ಎಂಜಿನ್‌ನಿಂದ ಬರುವ ಅನಿಲದಲ್ಲಿ ಸುಡಲು ಉಳಿಯುವುದೇ ಅಷ್ಟು ಕಡಿಮೆಯೆಂದರೆ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ.

ಇನ್ನು ಎಲ್ಲರನ್ನೂ ಏಮಾರಿಸುವ ಒಂದು ಪ್ರಕರಣ: ಸಿಒ ಹೆಚ್ಚು, ಟ್ರಿಮ್ ಮಾತ್ರ ಪ್ಲಸ್ 15. ಹೊಗೆ ರಿಚ್, ಇಸಿಯು ಲೀನ್ ಎನ್ನುತ್ತಿದೆ. ಯಾವುದು ನಿಜ? ಕನ್ವರ್ಟರ್‌ಗೆ ಮುಂಚೆ ಇರುವ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲೇ ಎಕ್ಸಾಸ್ಟ್ ಸೋರುತ್ತಿದೆ. ಎಕ್ಸಾಸ್ಟ್ ಅನಿಲ ಅಲೆಅಲೆಯಾಗಿ ಹೋಗುತ್ತದೆ. ಎರಡು ಒತ್ತಡದ ಅಲೆಗಳ ನಡುವೆ ಆ ಬಿರುಕಿನಿಂದ ಹೊರಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿಯನ್ನು ಕಂಡು ‘ಲೀನ್’ ಎಂದು ವರದಿ ಮಾಡುತ್ತದೆ, ಇಸಿಯು ನಂಬಿ ಪೆಟ್ರೋಲ್ ಹೆಚ್ಚಿಸುತ್ತದೆ. ಬೆಳಗಿನ ಟಿಕ್ ಟಿಕ್ ಸದ್ದಿಗೆ ಕಿವಿಕೊಡಲು ಹೇಳಿದ್ದು ಇದಕ್ಕೇ. ಗ್ಯಾಸ್ಕೆಟ್ ಬದಲಿಸಿದರೆ ಮುಗಿಯಿತು.

ಹಂತ 6: ರಿಪೇರಿಯ ನಂತರ ರೆಡಿನೆಸ್

ಕೋಡ್ ಅಳಿಸಿ ಸೀದಾ ಪರೀಕ್ಷೆಗೆ ಹೋಗಬೇಡಿ. ಕೋಡ್ ಅಳಿಸಿದೊಡನೆ ಇಸಿಯುವಿನ ಸ್ವಯಂಪರೀಕ್ಷೆಗಳೂ (ರೆಡಿನೆಸ್ ಮಾನಿಟರ್) ಸೊನ್ನೆಗೆ ಬರುತ್ತವೆ, ಟ್ರಿಮ್ ಕಲಿಕೆಯೂ ಅಳಿಸಿಹೋಗುತ್ತದೆ. ಬ್ಯಾಟರಿ ಕಳಚಿದರೂ ಹಲವು ಗಾಡಿಗಳಲ್ಲಿ ಹೀಗೇ ಆಗುತ್ತದೆ. ಒಬಿಡಿ ನೋಡುವ ಪರೀಕ್ಷೆಗಳಲ್ಲಿ ಮಾನಿಟರ್ ‘ನಾಟ್ ರೆಡಿ’ ಇದ್ದರೆ ಗಾಡಿಯನ್ನು ಹಿಂದಕ್ಕೆ ಕಳಿಸುತ್ತಾರೆ.

ಟ್ಯಾಂಕ್ ಕಾಲು ಭಾಗಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ಇರಲಿ. ಆವಿ ಸೋರಿಕೆಯ ಪರೀಕ್ಷೆ ತುಂಬಿದ ಅಥವಾ ಬರಿದಾದ ಟ್ಯಾಂಕಿನಲ್ಲಿ ನಡೆಯುವುದೇ ಇಲ್ಲ. ಗಾಡಿ ಎಂಟು ಗಂಟೆ ನಿಂತಿರಲಿ. ತಣ್ಣಗಿರುವಾಗ ಶುರು ಮಾಡಿ ಎರಡು ಮೂರು ನಿಮಿಷ ಐಡಲ್. ನಂತರ ಹತ್ತು ನಿಮಿಷ ಊರೊಳಗಿನ ಓಡಾಟ. ಆಮೇಲೆ ಹೆದ್ದಾರಿಯಲ್ಲಿ ಹತ್ತರಿಂದ ಹದಿನೈದು ನಿಮಿಷ 80, 90ರ ಸ್ಥಿರ ವೇಗ, ಸಾಧ್ಯವಾದರೆ ಕ್ರೂಸ್ ಕಂಟ್ರೋಲ್‌ನಲ್ಲಿ. ಹಿಂದೆ ಗಾಡಿ ಇಲ್ಲದಾಗ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಬ್ರೇಕ್ ಮುಟ್ಟದೆ 40ಕ್ಕೆ ಇಳಿಯಲು ಬಿಡಿ. ಇದನ್ನು ಮೂರು ನಾಲ್ಕು ಬಾರಿ ಮಾಡಿ. ಹೀಗೆ ಬಿಟ್ಟಾಗ ಇಂಧನ ಪೂರ್ತಿ ಕಡಿತವಾಗಿ ಬರೀ ಗಾಳಿ ಹೋಗುತ್ತದೆ. ಆಕ್ಸಿಜನ್ ಸೆನ್ಸರ್ ಪರೀಕ್ಷೆಗೆ ಆ ಗಾಳಿ ಬೇಕು. ಪಾರ್ಟಿಕ್ಯುಲೇಟ್ ಫಿಲ್ಟರ್ (ಜಿಪಿಎಫ್) ಇರುವ ಗಾಡಿಗಳಲ್ಲಿ ಕಾದ ಫಿಲ್ಟರ್‌ನ ಮಸಿ ಉರಿಯುವುದೂ ಇದೇ ಗಾಳಿಯಿಂದ. ದಿನವೂ ಮೂರು ಕಿ.ಮೀ. ಓಡಿ ನಿಲ್ಲುವ ಎಸ್‌ಯುವಿಯ ಜಿಪಿಎಫ್ ಕಟ್ಟಿಕೊಳ್ಳುವುದೇಕೆ ಎಂದು ಇದರಿಂದಲೇ ತಿಳಿಯುತ್ತದೆ.

ಡೈನಮೋಮೀಟರ್ ಪರೀಕ್ಷೆ ಇದ್ದರೆ

ಕೆಲವೆಡೆ ಗಾಡಿಯನ್ನು ರೋಲರ್ ಮೇಲೆ ಓಡಿಸಿ ನಾಕ್ಸ್ ಕೂಡ ಅಳೆಯುತ್ತಾರೆ. ಎಸ್‌ಯುವಿ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ) ಆಗಿದ್ದರೆ ಮೊದಲೇ ಹೇಳಿಬಿಡಿ. ಅದನ್ನು ಒಂದೇ ಆಕ್ಸಲ್‌ನ ರೋಲರ್ ಮೇಲೆ ಹತ್ತಿಸಿದರೆ ಸೆಂಟರ್ ಕಪ್ಲಿಂಗ್ ಸುಟ್ಟುಹೋಗಬಹುದು, ಗಾಡಿ ರೋಲರ್‌ನಿಂದ ಜಿಗಿಯಲೂಬಹುದು. ಲೋಡ್‌ನಲ್ಲಿ ನಾಕ್ಸ್ ಮಾತ್ರ ಹೆಚ್ಚಿದ್ದು ಉಳಿದದ್ದು ಸರಿಯಿದ್ದರೆ ಇಜಿಆರ್ (ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್‌ಗೆ ಕಳಿಸುವ ವ್ಯವಸ್ಥೆ) ದಾರಿ ಮಸಿಯಿಂದ ಮುಚ್ಚಿರುವುದು, ಸಿಲಿಂಡರ್‌ನಲ್ಲಿ ಇಂಗಾಲ ಕಟ್ಟಿರುವುದು, ಕೂಲಿಂಗ್ ಸಾಲದಿರುವುದು, ಅಥವಾ ಸ್ವಲ್ಪ ಲೀನ್ ಓಡುತ್ತಿರುವುದು ಕಾರಣ. ಲ್ಯಾಂಬ್ಡಾ 1.01 ದಾಟಿದರೆ ಸಾಕು, ಕನ್ವರ್ಟರ್ ನಾಕ್ಸ್ ಒಡೆಯುವುದು ಥಟ್ಟನೆ ಕುಸಿಯುತ್ತದೆ.

ರಸ್ತೆಯಲ್ಲಿ ಸಿಒ2 ಲೆಕ್ಕ

ಇದಕ್ಕೆ ಯಂತ್ರವೇ ಬೇಡ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.31 ಕೆ.ಜಿ. ಸಿಒ2. ಹಾಗಾಗಿ 2,310ನ್ನು ಮೈಲೇಜಿನಿಂದ ಭಾಗಿಸಿದರೆ ಕಿ.ಮೀ.ಗೆ ಎಷ್ಟು ಗ್ರಾಂ ಎಂದು ಸಿಗುತ್ತದೆ. ಲೀಟರಿಗೆ 14 ಕಿ.ಮೀ. ಕೊಡುವ ಎಸ್‌ಯುವಿಗೆ 165 ಗ್ರಾಂ. ಶೇ 20 ಎಥನಾಲ್ ಇದ್ದರೆ ಟೈಲ್‌ಪೈಪಿನ ಲೆಕ್ಕ ಲೀಟರಿಗೆ ಸುಮಾರು 2.15 ಕೆ.ಜಿ., ಆದರೆ ಮೈಲೇಜೂ ಇಳಿದಿರುತ್ತದೆ.

ಮೈಲೇಜ್ ಅಳೆಯಲು ಡ್ಯಾಶ್‌ಬೋರ್ಡ್ ಅಂಕಿ ನಂಬಬೇಡಿ, ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆಯಿರಿ. ಒಂದೇ ಬಂಕ್, ಒಂದೇ ಪಂಪ್, ಮೊದಲ ಟಕ್‌ಗೆ ನಿಲ್ಲಿಸುವುದು, ನಡುವೆ ಕನಿಷ್ಠ 400 ಕಿ.ಮೀ. ಓಟ. ತುಂಬಿಸುವಾಗ ಒಂದು ಲೀಟರ್ ಆಚೀಚೆಯಾದರೂ 40 ಲೀಟರಿಗೆ ಅದು ಶೇ 2.5ರ ದೋಷ; 10 ಲೀಟರಿಗೆ ಅದೇ ಶೇ 10. ಓಡೋಮೀಟರ್ ಅಂತರವನ್ನು ಒಮ್ಮೆ ಜಿಪಿಎಸ್ ಜೊತೆ ಹೋಲಿಸಿ ನೋಡಿ, ವಿಶೇಷವಾಗಿ ಟೈರ್ ಅಳತೆ ಬದಲಿಸಿದ್ದರೆ. ಕಂಪನಿ ಹೇಳಿದ ಅಂಕಿಗಿಂತ ಶೇ 20ರಷ್ಟು ಹೆಚ್ಚು ಇಂಧನ ಹೋಗುತ್ತಿದ್ದರೆ ಗಾಬರಿ ಬೇಡ. ಯೂರೋಪಿನಲ್ಲಿ ಕಾರುಗಳೇ ದಾಖಲಿಸಿದ ಬಳಕೆಯ ಮಾಹಿತಿಯಲ್ಲೂ ಪೆಟ್ರೋಲ್ ಕಾರುಗಳ ಅಂತರ ಹೆಚ್ಚುಕಡಿಮೆ ಅಷ್ಟೇ ಕಂಡಿದೆ.

ಎಸ್‌ಯುವಿ ಎತ್ತರದ ಬೆಲೆ ಕಟ್ಟುವುದು ಹೆದ್ದಾರಿಯಲ್ಲಿ. ಡ್ರ್ಯಾಗ್ ಗುಣಾಂಕ 0.34, ಎದುರಿನ ವಿಸ್ತೀರ್ಣ 2.6 ಚದರ ಮೀಟರ್ ಎಂದುಕೊಳ್ಳಿ. 100 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 410 ನ್ಯೂಟನ್. ಅದೇ ವೇಗದಲ್ಲಿ 1,700 ಕೆ.ಜಿ. ತೂಕದ ಗಾಡಿಯ ಟೈರ್ ಉರುಳುವ ತಡೆ ಸುಮಾರು 170. 120ಕ್ಕೆ ಏರಿದರೆ ಗಾಳಿಯ ತಡೆ 590 ಆಗುತ್ತದೆ, ಅಂದರೆ ವೇಗ ಐದನೇ ಒಂದು ಭಾಗ ಹೆಚ್ಚಿದ್ದಕ್ಕೆ ತಡೆ ಶೇ 44 ಹೆಚ್ಚು. ಬಳಸದ ರೂಫ್ ಬಾಕ್ಸ್ ಬಿಚ್ಚಿಡುವುದು, 120ರ ಬದಲು 100ರಲ್ಲಿ ಹೋಗುವುದು, ಟೈರ್ ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವಂತೆ ತಣ್ಣಗಿದ್ದಾಗ ತುಂಬುವುದು, ಇವು ಯಾವ ಬಾಟಲಿ ಅಡಿಟಿವ್‌ಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಇನ್ನೊಂದು ಲಾಭವೂ ಇದೆ. ತುಂಬು ಲೋಡ್‌ನಲ್ಲಿ ಟರ್ಬೊ, ಕನ್ವರ್ಟರ್ ವಿಪರೀತ ಕಾಯುವುದನ್ನು ತಡೆಯಲು ಹಲವು ಎಂಜಿನ್‌ಗಳು ಹೆಚ್ಚು ಪೆಟ್ರೋಲ್ ಸುರಿದು ತಂಪು ಮಾಡುತ್ತವೆ, ಆಗ ಸಿಒ ಹಲವು ಪಟ್ಟು ಜಿಗಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿಯದಿದ್ದರೆ ಆ ಸ್ಥಿತಿಗೆ ಬರುವುದೇ ಇಲ್ಲ.

ಐಡಲ್‌ನ ಲೆಕ್ಕವನ್ನು ಸ್ಕ್ಯಾನರ್‌ನಲ್ಲೇ ಮಾಡಬಹುದು. ಎಂಎಎಫ್ ಅಂಕಿಯನ್ನು (ಸೆಕೆಂಡಿಗೆ ಗ್ರಾಂ) 0.33ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂದು ಬರುತ್ತದೆ. 2 ಲೀಟರ್ ಎಂಜಿನ್ ಕಾದಾಗ 2.5 ತೋರಿಸಿದರೆ ಗಂಟೆಗೆ 0.8 ಲೀಟರ್, ಎಸಿ ಹಾಕಿದರೆ ಇನ್ನೂ ಹೆಚ್ಚು.

ಯಾವ ಹೊಗೆ ಪರೀಕ್ಷೆಯೂ ಹಿಡಿಯದ ಸೋರಿಕೆಯೊಂದಿದೆ: ಎಸಿ ಗ್ಯಾಸ್. ಹಳೆಯ ಗಾಡಿಗಳಲ್ಲಿರುವ ಆರ್134ಎ, ಸಿಒ2ಗಿಂತ 1,430 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. 500 ಗ್ರಾಂ ಸೋರಿಹೋದರೆ 715 ಕೆ.ಜಿ. ಸಿಒ2ಗೆ ಸಮ, ಅಂದರೆ ನಮ್ಮ 165 ಗ್ರಾಂನ ಎಸ್‌ಯುವಿ 4,300 ಕಿ.ಮೀ. ಓಡಿದಷ್ಟು. ಎಸಿ ತಂಪು ಕಡಿಮೆಯಾದಾಗ ಸೋರುವ ಜಾಗ ಹುಡುಕದೆ ವರ್ಷವರ್ಷವೂ ಗ್ಯಾಸ್ ಟಾಪ್ ಅಪ್ ಮಾಡಿಸಬೇಡಿ. ವ್ಯಾಕ್ಯೂಮ್ ಎಳೆದು ಅರ್ಧ ಗಂಟೆ ಹಿಡಿದಿಟ್ಟು ಸೋರಿಕೆ ಪರೀಕ್ಷಿಸಿ, ಕಂಡೆನ್ಸರ್, ಓ-ರಿಂಗ್‌ಗಳನ್ನು ಯುವಿ ಡೈ ಹಾಕಿ ನೋಡಿ, ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರಕ್ಕೆ ಎಳೆಯುವಂತೆ ಮೊದಲೇ ಹೇಳಿ.